ಹಸಿರು ಉದ್ಯಮ ನಡೆಸುವ ಹಳ್ಳಿಯ ಹೆಣ್ಣುಮಕ್ಕಳಿಗೆ ಹವಾಮಾನದ ಹಣ ಯಾವ ರೂಪದಲ್ಲಿ ಬರಬೇಕು?

ಮಹಿಳಾ ಒಕ್ಕೂಟದ ಲೆಕ್ಕ ನೋಡಿಕೊಳ್ಳುವವರು, ಶಿಗ್ಗಾವಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ನೆರೆಯ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘಕ್ಕೆ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ಈಕ್ವೇಟರ್ ಪ್ರಶಸ್ತಿ ನೀಡಿದ ಸುದ್ದಿಯನ್ನು ನೀವೆಲ್ಲ ಓದಿರುತ್ತೀರಿ. 2018ರಲ್ಲಿ ಕಟ್ಟಿಕೊಂಡ ಆ ಸಂಘದ ಹೆಣ್ಣುಮಕ್ಕಳು ಮಳೆಯನ್ನೇ ನಂಬಿದ ಹೊಲಗಳಿಗೆ ಸಿರಿಧಾನ್ಯವನ್ನು ಮರಳಿ ತಂದರು, ಬೀಜ ಬ್ಯಾಂಕ್ ಮಾಡಿದರು, ಸೌರವಿದ್ಯುತ್ತಿನಿಂದ ನಡೆಯುವ ಸಂಸ್ಕರಣಾ ಘಟಕವನ್ನು ತಾವೇ ನಡೆಸುತ್ತಿದ್ದಾರೆ. ಆ ಸುದ್ದಿ ಬಂದಂದಿನಿಂದ ನಮ್ಮ ಒಕ್ಕೂಟದ ಪ್ರತಿ ಸಭೆಯಲ್ಲೂ ಒಂದೇ ಮಾತು: ಅವರಿಗೆ ಸಾಧ್ಯವಾದದ್ದು ನಮಗೇಕೆ ಆಗಬಾರದು?

ನಾವು ಆ ದಿಕ್ಕಿನಲ್ಲಿ ಹೆಜ್ಜೆಯನ್ನೂ ಇಟ್ಟೆವು. ಸಾವೆ ಮತ್ತು ನವಣೆಯ ಕಲ್ಲು ತೆಗೆದು, ಹೊಟ್ಟು ಬಿಡಿಸಿ, ಅಕ್ಕಿ ಮತ್ತು ಹಿಟ್ಟು ಮಾಡುವ ಯಂತ್ರಗಳಿಗೆ ಸೌರಫಲಕವೂ ಸೇರಿ 11 ಲಕ್ಷ ರೂಪಾಯಿಯ ಕೊಟೇಶನ್ ಸಿಕ್ಕಿತು. ಅದನ್ನು ಹಿಡಿದು ಬ್ಯಾಂಕಿಗೆ ಹೋದಾಗ, ಅಲ್ಲಿದ್ದವರು ನಮ್ಮ ಸಂಘಗಳ ಹತ್ತು ವರ್ಷಗಳ ಉಳಿತಾಯ ಮತ್ತು ಮರುಪಾವತಿಯ ಪುಸ್ತಕಗಳನ್ನು ತೆರೆದೂ ನೋಡದೆ ಮೊದಲು ಕೇಳಿದ್ದು ಪಹಣಿಯನ್ನು. ನಮ್ಮಲ್ಲಿ ಬಹುತೇಕರ ಹೆಸರಿನಲ್ಲಿ ಹೊಲವೂ ಇಲ್ಲ, ಮನೆಯೂ ಇಲ್ಲ. ಹಾಗಾದರೆ ಯಜಮಾನರ ಹೆಸರಿನಲ್ಲಿ ಸಾಲ ಮಾಡಿಸಿ ಎಂಬ ಸಲಹೆ ಬಂತು. ಸದಸ್ಯೆಯರು ಮರುಮಾತಾಡದೆ ಎದ್ದು ಬಂದರು.

ಆಮೇಲೆ ಜಿಲ್ಲಾ ಕೇಂದ್ರದ ಒಂದು ತರಬೇತಿಯಲ್ಲಿ ಹವಾಮಾನ ಹಣಕಾಸು, ಅಂದರೆ ಹವಾಮಾನ ಬದಲಾವಣೆಯನ್ನು ಎದುರಿಸಲು ಕೊಡುವ ಹಣ, ಎಂಬ ಮಾತನ್ನು ಮೊದಲ ಬಾರಿಗೆ ಕೇಳಿದೆವು. ಅಲ್ಲಿ ಕೊಟ್ಟ ಅರ್ಜಿ ಇಡೀ ಇಂಗ್ಲಿಷಿನಲ್ಲಿತ್ತು. ನಿಮ್ಮ ಘಟಕದಿಂದ ವರ್ಷಕ್ಕೆ ಎಷ್ಟು ಟನ್ ಇಂಗಾಲ ಕಡಿಮೆಯಾಗುತ್ತದೆ ಎಂಬುದು ಅದರ ಮೂರನೆಯ ಪ್ರಶ್ನೆ. ಎಷ್ಟು ಕ್ವಿಂಟಲ್ ಸಾವೆ ಬರುತ್ತದೆ ಎಂಬುದಕ್ಕೆ ನಮ್ಮಲ್ಲಿ ಉತ್ತರವಿತ್ತು, ಅದಕ್ಕೆ ಇರಲಿಲ್ಲ.

ತಿಳಿದವರಲ್ಲಿ ನನ್ನ ಪ್ರಶ್ನೆ ಇಷ್ಟು. ಇಂಥ ಕೆಲಸಕ್ಕೆ ಹಣ ಯಾವ ರೂಪದಲ್ಲಿ ಬಂದರೆ ನಿಜವಾಗಿ ಉಪಯೋಗ? ಅನುದಾನವೋ, ಸಾಲವೋ, ಬೇರೆ ಏನಾದರೂ ದಾರಿಯಿದೆಯೋ?

ನಿವೃತ್ತ ಗ್ರಾಮೀಣ ಬ್ಯಾಂಕ್ ವ್ಯವಸ್ಥಾಪಕರು, ಧಾರವಾಡ

ಅಕ್ಕಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು ಪಹಣಿಯ ವಿಷಯ. ಸ್ವಸಹಾಯ ಸಂಘಕ್ಕೆ 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಅಡಮಾನ ಕೇಳುವಂತಿಲ್ಲ, ಸಾಲಗಾರರು ಕೈಯಿಂದ ಹಾಕಬೇಕಾದ ಮಾರ್ಜಿನ್ ಹಣವನ್ನೂ ಕೇಳುವಂತಿಲ್ಲ. ರಿಸರ್ವ್ ಬ್ಯಾಂಕಿನ ನಿಯಮ ಇದು. 2021ರಲ್ಲಿ ಅಡಮಾನವಿಲ್ಲದ ಈ ಸಾಲದ ಮಿತಿಯನ್ನು 20 ಲಕ್ಷಕ್ಕೆ ಏರಿಸಿ, 10 ಲಕ್ಷಕ್ಕೆ ಮೇಲ್ಪಟ್ಟ ಸಾಲಕ್ಕೆ ಖಾತರಿ ನಿಧಿಯ ರಕ್ಷಣೆಯನ್ನೂ ಒದಗಿಸಿದರು. ಮೂರು ಲಕ್ಷದವರೆಗಿನ ಸಾಲಕ್ಕೆ ಶೇ 7ರ ಬಡ್ಡಿ. ನಿಮ್ಮನ್ನು ಯಜಮಾನರ ಹೆಸರಿಗೆ ಕಳಿಸಿದ್ದು ತಪ್ಪು. ನಾನೂ ಆ ಕುರ್ಚಿಯಲ್ಲಿ ಕುಳಿತಿದ್ದವನು. ಜಮೀನಿನ ಕಾಗದ ಕಂಡರೆ ಸಾಲ ಕೊಡುವವರ ಮನಸ್ಸಿಗೆ ಧೈರ್ಯ ಬರುತ್ತದೆ ಎಂಬುದು ಗೊತ್ತು. ಆದರೆ 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿದಾರರಲ್ಲಿ ಮಹಿಳೆಯರು ಶೇ 14ರಷ್ಟು ಮಾತ್ರ. ಪಹಣಿಯನ್ನೇ ಬಾಗಿಲಾಗಿ ಮಾಡಿಕೊಂಡರೆ ಉಳಿದವರು ಹೊಸ್ತಿಲಾಚೆಯೇ ನಿಲ್ಲಬೇಕಾಗುತ್ತದೆ.

ಎರಡನೆಯದು ಯಂತ್ರ. ಕಿರು ಆಹಾರ ಸಂಸ್ಕರಣಾ ಉದ್ಯಮಗಳಿಗಾಗಿ 2020ರಲ್ಲಿ ಆರಂಭವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನವಿದೆ. ನಮ್ಮ ರಾಜ್ಯ ಸರ್ಕಾರ ಅದಕ್ಕೆ ಶೇ 15ನ್ನು ಸೇರಿಸುತ್ತದೆ. ಇದರ ಜೊತೆಗೆ ಸಂಘದ ಪ್ರತಿ ಸದಸ್ಯೆಯ ಲೆಕ್ಕದಲ್ಲಿ 40,000 ರೂಪಾಯಿ ಬೀಜಧನ ರಾಜ್ಯದ ಗ್ರಾಮೀಣ ಜೀವನೋಪಾಯ ಸಂಸ್ಥೆಯಾದ ಸಂಜೀವಿನಿಯ ಮೂಲಕ ಬರುತ್ತದೆ. ಈಗ ಅರ್ಜಿ ಸ್ವೀಕರಿಸುತ್ತಿದ್ದಾರೆಯೇ ಎಂಬುದನ್ನು ಕೃಷಿ ಇಲಾಖೆಯಲ್ಲಿ ಮೊದಲು ವಿಚಾರಿಸಿ. ಒಂದು ಎಚ್ಚರಿಕೆಯೂ ಇದೆ: ಸಹಾಯಧನ ಮೊದಲೇ ಕೈಗೆ ಬರುವುದಿಲ್ಲ. ಪೂರ್ತಿ ಸಾಲ ಮಂಜೂರಾದ ನಂತರ ಅದು ಪ್ರತ್ಯೇಕ ಖಾತೆಯಲ್ಲಿ ಕುಳಿತಿದ್ದು, ಮೂರು ವರ್ಷ ಸಾಲ ಸರಿಯಾಗಿ ನಡೆದ ಮೇಲೆ ಹೊಂದಾಣಿಕೆಯಾಗುತ್ತದೆ.

ಇವೆರಡಕ್ಕಿಂತ ಮುಖ್ಯವಾದ ಮೂರನೆಯ ಮಾತು ನೀವು ಕೇಳದೇ ಇದ್ದದ್ದು. ನಿಮ್ಮ ತೊಂದರೆ ಯಂತ್ರವಲ್ಲ, ಅಕ್ಟೋಬರ್ ತಿಂಗಳು. ಸಾವೆ ಕೊಯ್ಲಿಗೆ ಬರುವುದು ಆಗ. ಬೆಲೆ ಇಳಿದಿರುವುದೂ ಆಗಲೇ, ರೈತನಿಗೆ ಹಣ ಬೇಕಾಗಿರುವುದೂ ಆಗಲೇ. ವರ್ಷವಿಡೀ ಘಟಕ ನಡೆಯಬೇಕಾದರೆ ಡಿಸೆಂಬರ್‌ ಒಳಗೆ ಕಾಳನ್ನೆಲ್ಲ ಕೊಂಡು ಒಣಗಿಸಿ ಇಟ್ಟುಕೊಳ್ಳಬೇಕು. ಹೊಟ್ಟು ಬಿಡಿಸಿದ ಸಾವೆಅಕ್ಕಿ ಬಹಳ ದಿನ ಬಾಳುವುದಿಲ್ಲ, ಕಮಟು ವಾಸನೆ ಬರುತ್ತದೆ, ಹುಳು ಬೀಳುತ್ತದೆ. ಆದ್ದರಿಂದ ಕಾಳಾಗಿಯೇ ಇಟ್ಟುಕೊಂಡು ಬೇಡಿಕೆ ಬಂದಂತೆ ಅಕ್ಕಿ ಮಾಡಬೇಕು. ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಹೊಟ್ಟಿಗೇ ಹೋಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ವರ್ಷಕ್ಕೆ 200 ಕ್ವಿಂಟಲ್ ನಡೆಸುವ ಯೋಚನೆಯಿದ್ದರೆ, ಆ 200 ಕ್ವಿಂಟಲಿನ ಬೆಲೆ ಮೂರು ತಿಂಗಳಲ್ಲಿ ಕೈಯಲ್ಲಿರಬೇಕು, ಅದು ಮರಳಿ ಬರುವುದು ಮುಂದಿನ ಶ್ರಾವಣದ ಹೊತ್ತಿಗೆ. ಈ ಹಣವಿಲ್ಲದೆ, ಸಹಾಯಧನದಿಂದ ಬಂದ ಹೊಳೆಯುವ ಯಂತ್ರಗಳ ಮೇಲೆ ಧೂಳು ಕುಳಿತಿರುವುದನ್ನು ನನ್ನ ಸೇವೆಯಲ್ಲಿ ಎಷ್ಟೋ ಕಡೆ ಕಂಡಿದ್ದೇನೆ. ಆದ್ದರಿಂದ ಬ್ಯಾಂಕಿನಲ್ಲಿ ಎರಡು ಸಾಲ ಕೇಳಿ: ಯಂತ್ರಕ್ಕೆ ಅವಧಿ ಸಾಲ, ಕಾಳಿಗೆ ಕ್ಯಾಶ್ ಕ್ರೆಡಿಟ್, ಅಂದರೆ ಮಂಜೂರಾದ ಮಿತಿಯೊಳಗೆ ಬೇಕಾದಾಗ ತೆಗೆದು, ಮಾರಾಟವಾದಂತೆ ಕಟ್ಟುವ ಸಾಲ. ಕಂತುಗಳು ಮಾರಾಟವಾಗುವ ತಿಂಗಳುಗಳಿಗೆ ಹೊಂದಿಕೊಂಡಿರಲಿ.

ಸೌರದೀಪಗಳ ಸಂಸ್ಥೆ ಸೆಲ್ಕೋ ಕಟ್ಟಿದ ಹರೀಶ್ ಹಂದೆಯವರು ಒಬ್ಬ ಬೀದಿ ವ್ಯಾಪಾರಿಯ ಮಾತನ್ನು ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದಾರೆ: ತಿಂಗಳಿಗೆ 300 ರೂಪಾಯಿ ಕಟ್ಟಲು ಆಗದು, ದಿನಕ್ಕೆ 10 ರೂಪಾಯಿಯಾದರೆ ಆದೀತು. ಎರಡೂ ಒಂದೇ ಮೊತ್ತ. ಸಾಲ ತೀರುವುದೂ ಮುಳುಗುವುದೂ ಆ ಹೊಂದಾಣಿಕೆಯಲ್ಲಿದೆ.

ಅದೇ ಒಕ್ಕೂಟದವರು, ಶಿಗ್ಗಾವಿ

ಸರ್, ನಿಮಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಕ್ಯಾಶ್ ಕ್ರೆಡಿಟ್‌ನ ಮಾತನ್ನು ಇದುವರೆಗೆ ಯಾರೂ ನಮಗೆ ಹೇಳಿರಲಿಲ್ಲ. ಸಭೆಯಲ್ಲಿ ನಿಮ್ಮ ಬರಹವನ್ನು ಓದಿ ಹೇಳಿದೆ. ಹಿರಿಯ ಸದಸ್ಯೆಯೊಬ್ಬರು, ಸುಗ್ಗಿಯಲ್ಲಿ ರೊಕ್ಕ ಇಲ್ಲದವನಿಗೆ ಕಣದಲ್ಲಿ ಕೆಲಸ ಇಲ್ಲ ಎಂದು ತಮ್ಮ ಅತ್ತೆ ಹೇಳುತ್ತಿದ್ದುದನ್ನು ನೆನೆದರು. ಇಂಗಾಲದ ಪ್ರಶ್ನೆಗೆ ಮಾತ್ರ ಉತ್ತರ ಇನ್ನೂ ಸಿಕ್ಕಿಲ್ಲ. ಅದರಿಂದ ನಮಗೆ ಆದಾಯ ಬರುವುದುಂಟೇ?

ಪ್ರೌಢಶಾಲಾ ಶಿಕ್ಷಕರು, ಚಿಕ್ಕಬಳ್ಳಾಪುರ ಜಿಲ್ಲೆ

ನಮ್ಮ ಬಾಗೇಪಲ್ಲಿಯ ಅನುಭವ ಇಲ್ಲಿ ಪ್ರಯೋಜನಕ್ಕೆ ಬರಬಹುದು. ಈ ಭಾಗ ಇನ್ನೂ ಕೋಲಾರ ಜಿಲ್ಲೆಯಲ್ಲಿದ್ದ ಕಾಲದಲ್ಲಿ, ಅಂದರೆ 2005ರಲ್ಲಿ, ಬಾಗೇಪಲ್ಲಿಯ ಕೂಲಿ ಸಂಘವು 5,500 ಮನೆಗಳಿಗೆ ಸಗಣಿ ಅನಿಲದ ಘಟಕ ಕಟ್ಟುವ ಯೋಜನೆಯನ್ನು ಕ್ಯೋಟೋ ಹವಾಮಾನ ಒಪ್ಪಂದದ ಶುದ್ಧ ಅಭಿವೃದ್ಧಿ ವ್ಯವಸ್ಥೆಯಡಿ ನೋಂದಾಯಿಸಿತು. ಬಡ ದೇಶಗಳ ಯೋಜನೆಗಳು ಉಳಿಸಿದ ಇಂಗಾಲದ ಲೆಕ್ಕವನ್ನು ಶ್ರೀಮಂತ ದೇಶಗಳವರು ಹಣ ಕೊಟ್ಟು ಕೊಳ್ಳುವ ವ್ಯವಸ್ಥೆ ಅದು. ಸೌದೆ ಮತ್ತು ಸೀಮೆಎಣ್ಣೆಯ ಉಳಿತಾಯವನ್ನು ಇಂಗಾಲದ ಲೆಕ್ಕಕ್ಕೆ ತಂದು, ಅದರ ಮಾರಾಟದ ಹಣದಿಂದಲೇ ಘಟಕಗಳ ವೆಚ್ಚ ತೀರಿಸುವುದು ಉದ್ದೇಶವಾಗಿತ್ತು. ಯೋಜನೆಯ ಒಡೆತನ ಸಂಘದ್ದೇ, ಕಂಪನಿಯದ್ದಲ್ಲ. ಒಲೆಯ ಹೊಗೆ ತಪ್ಪಿದ್ದರಿಂದ ಮತ್ತು ಸೌದೆಗೆ ಅಲೆಯುವುದು ತಪ್ಪಿದ್ದರಿಂದ ಹೆಂಗಸರಿಗಾದ ಉಪಕಾರವನ್ನು ಕಣ್ಣಾರೆ ಕಂಡವನಾಗಿ ಇದನ್ನು ಬಹಳ ಹೆಮ್ಮೆಯಿಂದ ಹೇಳುತ್ತೇನೆ.

ಆದರೂ ನಿಮ್ಮ ಒಕ್ಕೂಟಕ್ಕೆ ಆ ದಾರಿಯನ್ನು ಸೂಚಿಸಲಾರೆ. ಯೋಜನೆಯ ಕಾಗದ ಸಿದ್ಧಪಡಿಸುವುದು, ಹೊರಗಿನ ಪರಿಶೋಧಕರಿಂದ ತಪಾಸಣೆ ಮಾಡಿಸುವುದು, ವರ್ಷವರ್ಷ ದಾಖಲೆ ಇಡುವುದು ಇವುಗಳ ಖರ್ಚು ಘಟಕ ಚಿಕ್ಕದಾದ ಮಾತ್ರಕ್ಕೆ ಅಷ್ಟೇನೂ ಕಡಿಮೆಯಾಗುವುದಿಲ್ಲ. 5,500 ಮನೆಗಳು ಸೇರಿದ್ದರಿಂದ ಅದು ತೂಗಿತು. ಎರಡನೆಯದಾಗಿ, ಬೆಲೆ ನಮ್ಮ ಕೈಯಲ್ಲಿಲ್ಲ. 2012ರ ಹೊತ್ತಿಗೆ ಆ ಮಾರುಕಟ್ಟೆಯ ಬೆಲೆಗಳು ಕುಸಿದುಬಿದ್ದವು. ಯುರೋಪಿನ ನಿಯಮ ಬದಲಾದದ್ದಕ್ಕೆ ಇಲ್ಲಿನ ಹಳ್ಳಿಯವರು ಏನು ಮಾಡಲು ಸಾಧ್ಯ? ಒಂದು ಸೌರಚಾಲಿತ ಸಾವೆ ಘಟಕದಿಂದ ಉಳಿಯುವ ಇಂಗಾಲ ಅತ್ಯಲ್ಪ. ನಿಮ್ಮ ಕೆಲಸದ ಬೆಲೆ ಇರುವುದು ಬರದ ವರ್ಷದಲ್ಲೂ ಕೈಕೊಡದ ಬೆಳೆ ಹೊಲದಲ್ಲಿ ಉಳಿಯುವುದರಲ್ಲಿ. ಅದನ್ನು ಟನ್ನಿನಲ್ಲಿ ಅಳೆಯಲು ಬರುವುದಿಲ್ಲ.

ನೀತಿ ಅಧ್ಯಯನದಲ್ಲಿ ತೊಡಗಿರುವವರು, ಬೆಂಗಳೂರು

ಶಿಕ್ಷಕರು ಕೊನೆಯಲ್ಲಿ ಹೇಳಿದ ಮಾತಿನಿಂದಲೇ ಮುಂದುವರಿಸುತ್ತೇನೆ. ಹವಾಮಾನದ ಹಣದಲ್ಲಿ ಎರಡು ಬಗೆ. ಹೊಗೆ ತಗ್ಗಿಸುವುದಕ್ಕೆ ಕೊಡುವುದು ಒಂದು, ಬದಲಾದ ಮಳೆ ಬಿಸಿಲಿಗೆ ಹೊಂದಿಕೊಂಡು ಬಾಳುವುದಕ್ಕೆ ಕೊಡುವುದು ಇನ್ನೊಂದು. ಮೊದಲನೆಯದಕ್ಕೆ ಲಾಭ ಕಾಣುವುದರಿಂದ ಹಣ ಸುಲಭವಾಗಿ ಸೇರುತ್ತದೆ. ಸಿರಿಧಾನ್ಯ, ಬೀಜ ಬ್ಯಾಂಕ್, ಕೆರೆ, ಮೇವು ಇವೆಲ್ಲ ಎರಡನೆಯದಕ್ಕೆ ಸೇರಿದವು. ಆ ಚೀಲ ಯಾವಾಗಲೂ ಸಣ್ಣದು. ತರಬೇತಿಯಲ್ಲಿ ನಿಮಗೆ ಕೊಟ್ಟ ಅರ್ಜಿ ಮೊದಲನೆಯ ಬಗೆಯದು. ಎಂದರೆ ನಿಮ್ಮನ್ನು ತಪ್ಪು ಸಾಲಿನಲ್ಲಿ ನಿಲ್ಲಿಸಿದ್ದರು.

ಮೇಲಿನ ಹಂತದಲ್ಲಿ ಮಾತಿಗೆ ಕೊರತೆಯಿಲ್ಲ. 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ನಡೆದ ಹವಾಮಾನ ಸಮ್ಮೇಳನದಲ್ಲಿ ಶ್ರೀಮಂತ ದೇಶಗಳು ಬಡ ದೇಶಗಳಿಗಾಗಿ 2020ರ ವೇಳೆಗೆ ವರ್ಷಕ್ಕೆ 10,000 ಕೋಟಿ ಡಾಲರ್ ಹೊಂದಿಸುವುದಾಗಿ ಹೇಳಿದವು; 2024ರಲ್ಲಿ ಬಾಕು ನಗರದಲ್ಲಿ ಆ ಗುರಿಯನ್ನು 2035ರ ವೇಳೆಗೆ 30,000 ಕೋಟಿ ಡಾಲರ್‌ಗೆ ಏರಿಸಲಾಯಿತು. ದಕ್ಷಿಣ ಕೊರಿಯಾದಲ್ಲಿ ಕಚೇರಿಯಿರುವ ಹಸಿರು ಹವಾಮಾನ ನಿಧಿಯ ಹಣವನ್ನು ನೇರವಾಗಿ ಪಡೆಯುವ ಮಾನ್ಯತೆ ನಮ್ಮ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್‌ಗೆ 2015ರಿಂದಲೇ ಇದೆ. ಹಾಗಿದ್ದೂ 2003ರಿಂದ 2016ರವರೆಗಿನ ಅಂತಾರಾಷ್ಟ್ರೀಯ ಹವಾಮಾನ ನಿಧಿಗಳನ್ನು ಪರಿಶೀಲಿಸಿದ ಲಂಡನ್ನಿನ ಐಐಇಡಿ ಸಂಸ್ಥೆ, ಸ್ಥಳೀಯ ಮಟ್ಟದ ಕೆಲಸಕ್ಕೆಂದು ಮೀಸಲಾದದ್ದು ಶೇ 10ಕ್ಕಿಂತ ಕಡಿಮೆ ಎಂದು ಕಂಡುಕೊಂಡಿತು. ದೊಡ್ಡ ನಿಧಿಗೆ ದೊಡ್ಡ ಯೋಜನೆಯೇ ಬೇಕು. ಒಂದು ಕಡತಕ್ಕೆ ತಗಲುವ ಶ್ರಮ 100 ಕೋಟಿಗೂ ಒಂದೇ, 10 ಲಕ್ಷಕ್ಕೂ ಒಂದೇ. ನದಿಯ ನೀರು ನೇರವಾಗಿ ಪಾತಿಗೆ ಬರುವುದಿಲ್ಲ, ನಡುವೆ ಕಾಲುವೆ ಬೇಕು. ನಮ್ಮ ರಾಜ್ಯದಲ್ಲಿ ಆ ಕಾಲುವೆ ಈಗಾಗಲೇ ಇದೆ ಎಂಬುದೇ ನನ್ನ ವಾದ. 1980ರ ದಶಕದಲ್ಲಿ ಮೈರಾಡ ಸಂಸ್ಥೆ ಇಲ್ಲಿ ಕಟ್ಟಿದ ಸಂಘಗಳ ಅನುಭವವನ್ನು ನೋಡಿಯೇ 1992ರಲ್ಲಿ ನಬಾರ್ಡ್ ಇಡೀ ದೇಶಕ್ಕೆ ಸಂಘ ಮತ್ತು ಬ್ಯಾಂಕ್ ಜೋಡಣೆಯ ಕಾರ್ಯಕ್ರಮ ತಂದಿತು. ಹವಾಮಾನದ ಹಣಕ್ಕೆಂದು ಹೊಸ ಸಂಸ್ಥೆ ಹುಟ್ಟಿಸುವ ಅಗತ್ಯವಿಲ್ಲ. ಅದು ಒಕ್ಕೂಟಗಳ ಖಾತೆಗೆ ಬರಲಿ.

ವ್ಯವಸ್ಥಾಪಕರ ಮಾತಿಗೆ ಗೌರವದಿಂದಲೇ ಒಂದು ಭಿನ್ನಾಭಿಪ್ರಾಯ. ನೀವು ಎಲ್ಲವನ್ನೂ ಸಾಲದ ಭಾಷೆಯಲ್ಲಿ ಹೇಳುತ್ತಿದ್ದೀರಿ. ವಾತಾವರಣ ಕೆಡಿಸಿದವರು ಶಿಗ್ಗಾವಿಯ ಹೆಣ್ಣುಮಕ್ಕಳಲ್ಲ. ಅದಕ್ಕೆ ಹೊಂದಿಕೊಳ್ಳುವ ಖರ್ಚನ್ನು ಅವರೇ ಬಡ್ಡಿ ಸಮೇತ ಹೊರಬೇಕೆಂದರೆ ನ್ಯಾಯವೆಲ್ಲಿ? ದುಡಿಯುವ ಬಡ ಹೆಂಗಸರ ಸಂಘಟನೆಯಾದ ಗುಜರಾತಿನ ‘ಸೇವಾ’ದ ಉದಾಹರಣೆ ನೋಡಿ. 2024ರ ಬಿಸಿಲಿನಲ್ಲಿ ಗುಜರಾತ್, ರಾಜಸ್ಥಾನ, ಮಹಾರಾಷ್ಟ್ರಗಳ ಸುಮಾರು 50,000 ಸದಸ್ಯೆಯರಿಗೆ, ತಾಪಮಾನ ನಿಗದಿತ ಮಟ್ಟ ಮುಟ್ಟಿದಾಗ ಅರ್ಜಿಯಿಲ್ಲದೆ 400 ರೂಪಾಯಿ ನೆರವು ಖಾತೆಗೆ ಬಂತು. ದೊಡ್ಡ ಮೊತ್ತವಲ್ಲ, ಆದರೆ ಒಂದು ದಿನ ನೆರಳಿನಲ್ಲಿ ಕುಳಿತುಕೊಳ್ಳುವ ಸ್ವಾತಂತ್ರ್ಯ ಅದರಲ್ಲಿತ್ತು. ಇಂಥದ್ದನ್ನು ಸಾಲವಾಗಿ ಕೊಡಲಾಗದು, ಕೊಡಲೂಬಾರದು.

ನಿವೃತ್ತ ಗ್ರಾಮೀಣ ಬ್ಯಾಂಕ್ ವ್ಯವಸ್ಥಾಪಕರು, ಧಾರವಾಡ

ಒಪ್ಪುತ್ತೇನೆ, ಒಂದು ಗೆರೆ ಎಳೆದುಕೊಂಡು. ಬೀಜ ಬ್ಯಾಂಕ್ ಊರಿಗೆಲ್ಲ ಸೇರಿದ್ದು, ಅದರಿಂದ ಲಾಭ ತೆಗೆಯಲು ಹೋದರೆ ಅದರ ಉದ್ದೇಶವೇ ಕೆಡುತ್ತದೆ. ಅಲ್ಲಿ ಅನುದಾನವೇ ಸರಿ. ತರಬೇತಿ, ಮಳೆ ಬಿಸಿಲಿನ ವಿಮೆ, ಯಂತ್ರದ ಮೊದಲ ವರ್ಷದ ದುರಸ್ತಿ ಇವೂ ಹಾಗೆಯೇ. ಆದರೆ ಮಾರಾಟವಿರುವ ಕೆಲಸಕ್ಕೆ ಪೂರ್ತಿ ಅನುದಾನ ಕೊಟ್ಟರೆ, ಎರಡನೆಯ ಸಂಘಕ್ಕೆ ಹಣ ಉಳಿಯುವುದಿಲ್ಲ, ಬ್ಯಾಂಕ್ ಕಲಿಯುವುದೂ ಇಲ್ಲ.

ಬ್ಯಾಂಕ್ ಕಲಿಯುವುದು ಎಂದದ್ದಕ್ಕೆ ಕಾರಣವಿದೆ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಜೊತೆ ಸೇರಿ ಮನೆಗಳ ಸೌರದೀಪಗಳಿಗೆ ಸಾಲ ಕೊಡಿಸುವ ಕಾರ್ಯಕ್ರಮವನ್ನು ಮುಖ್ಯವಾಗಿ ನಮ್ಮ ರಾಜ್ಯದಲ್ಲಿ ನಡೆಸಿತು. ಅವರು ಯಾರಿಗೂ ದೀಪ ಹಂಚಲಿಲ್ಲ. ಸಾಲದ ಬಡ್ಡಿಯಲ್ಲಿ ಒಂದು ಭಾಗವನ್ನು ಭರಿಸಿದರು, ಅದನ್ನು ವರ್ಷದಿಂದ ವರ್ಷಕ್ಕೆ ಇಳಿಸುತ್ತ ಹೋದರು. ಸೌರ ಸಾಲ ಎಂದರೆ ಹಿಂಜರಿಯುತ್ತಿದ್ದ ಶಾಖೆಗಳು ಆ ಅವಧಿಯಲ್ಲಿ ಸಾವಿರಾರು ಸಾಲ ಕೊಟ್ಟು, ಅವು ಮರುಪಾವತಿಯಾಗುವುದನ್ನು ಕಂಡವು. ಹವಾಮಾನದ ಹಣದ ಸರಿಯಾದ ಜಾಗ ಇದೇ: ಬ್ಯಾಂಕ್ ಎಲ್ಲಿ ಹೆದರುತ್ತದೋ ಅಲ್ಲಿ ನಿಲ್ಲಬೇಕು. ನಿಮ್ಮ ಜಿಲ್ಲೆಗೆ ಅಂಥ ನಿಧಿ ಬಂದರೆ, ಹೊಸ ಘಟಕಗಳ ಮೊದಲ ಎರಡು ಸುಗ್ಗಿಗಳ ಕ್ಯಾಶ್ ಕ್ರೆಡಿಟ್‌ಗೆ ಅದು ಖಾತರಿಯಾಗಲಿ. ಮಳೆ ಕೈಕೊಟ್ಟ ವರ್ಷ ಕಂತು ಮುಂದೂಡಿದಾಗ ಬರುವ ಬಡ್ಡಿಯನ್ನು ಅದು ಹೊರಲಿ. ಅದೇ ಹಣದಲ್ಲಿ ಒಂದು ಯಂತ್ರವನ್ನು ಉಚಿತವಾಗಿ ಕೊಡುವ ಬದಲು ಹತ್ತು ಸಂಘಗಳ ಎದೆಗೆ ಧೈರ್ಯ ಕೊಡಬಹುದು.

ಕೈಮಗ್ಗದ ಕೆಲಸದೊಂದಿಗೆ ಒಡನಾಟವಿರುವವರು, ಸಾಗರ

ಹಣದ ಮಾತು ನಡೆಯುತ್ತಿದೆ, ಕೊಳ್ಳುವವರ ಮಾತು ಬರಲಿಲ್ಲ. ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ 1996ರಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಹುಟ್ಟಿದ ಚರಕ ಮಹಿಳಾ ಸಹಕಾರ ಸಂಘ ಹಸಿರು ಉದ್ಯಮ ಎಂಬ ಹೆಸರು ಚಾಲ್ತಿಗೆ ಬರುವ ಮೊದಲೇ ಅದನ್ನು ಮಾಡಿ ತೋರಿಸಿತು. ಅಡಿಕೆ ಚೊಗರು, ದಾಳಿಂಬೆ ಸಿಪ್ಪೆಯಂಥ ವಸ್ತುಗಳ ಬಣ್ಣ, ಕೈಮಗ್ಗದ ಬಟ್ಟೆ, ಹಳ್ಳಿಯ ಹೆಂಗಸರ ದುಡಿಮೆ. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಉತ್ಪನ್ನಗಳಿಗೂ ತೆರಿಗೆ ಬಿತ್ತು. ಕೈಉತ್ಪನ್ನಕ್ಕೆ ತೆರಿಗೆ ಬೇಡ ಎಂದು ಪ್ರಸನ್ನ ಸತ್ಯಾಗ್ರಹವನ್ನೇ ಹೂಡಿದರು. 2020ರಲ್ಲಿ ಮಾರಾಟವಾಗದ ಬಟ್ಟೆಯ ರಾಶಿಯ ಮುಂದೆ ಚರಕವೇ ತಾನು ಸಂಕಷ್ಟದಲ್ಲಿರುವುದಾಗಿ ಹೇಳಿಕೊಳ್ಳಬೇಕಾಯಿತು. ಅಲ್ಲಿ ಕೌಶಲದ ಕೊರತೆ ಇರಲಿಲ್ಲ, ನಿಷ್ಠೆಯ ಕೊರತೆ ಇರಲಿಲ್ಲ. ಆ ಬಣ್ಣದ ತೊಟ್ಟಿಗಳ ಪಕ್ಕ ನಿಂತು ಕೆಲಸ ಮಾಡುವವರನ್ನು ನೋಡಿದ ನನಗೆ ಇದು ಈಗಲೂ ನೋವಿನ ವಿಷಯ. ಮಣ್ಣು ನೀರು ಕೆಡಿಸದೆ ಮಾಡಿದ ವಸ್ತುವಿಗೂ ಕೆಡಿಸಿ ಮಾಡಿದ ವಸ್ತುವಿಗೂ ಪೇಟೆಯಲ್ಲಿ ಒಂದೇ ತಕ್ಕಡಿ ಇರುವವರೆಗೆ ಸಾಲ ಎಷ್ಟು ಸಿಕ್ಕರೂ ಈ ಕೆಲಸಗಳು ಏದುಸಿರು ಬಿಡುತ್ತಲೇ ಇರುತ್ತವೆ.

ನಿಮ್ಮ ಸಾವೆಅಕ್ಕಿಯನ್ನು ಯಾರು ಕೊಳ್ಳುತ್ತಾರೆ? ನಗರದ ಮಾಲ್‌ಗಿಂತ ಮೊದಲು ಅಂಗನವಾಡಿಯನ್ನು ನೋಡಿ. ಅಂಗನವಾಡಿಗಳಿಗೆ ಆಹಾರ ಸಿದ್ಧಪಡಿಸುವ ಎಂಎಸ್‌ಪಿಟಿಸಿ ಕೇಂದ್ರಗಳನ್ನು ನಮ್ಮ ರಾಜ್ಯದಲ್ಲಿ ಮಹಿಳೆಯರೇ ನಡೆಸುತ್ತಾರೆ. ಅಲ್ಲಿಗೆ ತಿಂಗಳಿಗೆ ಇಷ್ಟು ಕ್ವಿಂಟಲ್ ಎಂಬ ಬರಹದ ಒಪ್ಪಂದವಾದರೆ ಆ ಕಾಗದವೇ ನೀವು ಬ್ಯಾಂಕಿಗೆ ತೋರಿಸುವ ಪಹಣಿ. ಕೇಂದ್ರ ಸರ್ಕಾರದ ಇಲಾಖೆಗಳು ಮತ್ತು ಉದ್ದಿಮೆಗಳು ತಮ್ಮ ಖರೀದಿಯ ಶೇ 3ನ್ನು ಮಹಿಳೆಯರ ಕಿರು ಉದ್ಯಮಗಳಿಂದ ಮಾಡಬೇಕೆಂಬ ನಿಯಮ 2018ರಿಂದ ಇದೆ. ತಾಲ್ಲೂಕು ಮಟ್ಟದ ಖರೀದಿಗೂ ಅಂಥ ಕಟ್ಟುಪಾಡು ಬರುವಂತೆ ಒಕ್ಕೂಟಗಳೆಲ್ಲ ಸೇರಿ ಕೇಳಬೇಕು.

ಗ್ರಾಮ ಪಂಚಾಯಿತಿ ಮಾಜಿ ಸದಸ್ಯೆ, ಉಡುಪಿ ಜಿಲ್ಲೆ

ಸಾಗರದವರ ಮಾತಿಗೆ ನನ್ನದೊಂದು ಸೇರ್ಪಡೆ. ನಮ್ಮಲ್ಲಿ ಒಣಕಸ ಸಂಗ್ರಹಿಸುವ ವಾಹನವನ್ನು ಸಂಘದ ಹೆಣ್ಣುಮಕ್ಕಳೇ ಓಡಿಸುತ್ತಾರೆ. ಇದೂ ಹಸಿರು ಉದ್ಯಮವೇ, ಆದರೆ ಇದರ ಗಿರಾಕಿ ಪಂಚಾಯಿತಿ. ಮನೆಗಳು ಶುಲ್ಕ ಕೊಡದಿದ್ದರೆ ಸಂಬಳ ತಡವಾಗುತ್ತದೆ, ತಡವಾದರೆ ಒಳ್ಳೆಯ ಚಾಲಕಿ ಬಿಟ್ಟು ಹೋಗುತ್ತಾಳೆ. ಪಕ್ಕದ ಕೇರಳದಲ್ಲಿ ಕುಟುಂಬಶ್ರೀ ಮಹಿಳಾ ಸಂಘಗಳ ಕಸ ಸಂಗ್ರಹಿಸುವ ತಂಡವಾದ ಹರಿತ ಕರ್ಮ ಸೇನೆಗೆ ಹಳ್ಳಿಯ ಮನೆಗಳು ತಿಂಗಳಿಗೆ 50 ರೂಪಾಯಿ ಕೊಡುತ್ತವೆ. ಶುಲ್ಕ ಕೊಟ್ಟ ರಸೀದಿಯನ್ನು ಪಂಚಾಯಿತಿಯ ಇತರ ಸೇವೆಗಳಿಗೆ ಜೋಡಿಸಲು ನಮ್ಮಲ್ಲಿ ನಾನು ಮೂರು ವರ್ಷ ಹೇಳಿದೆ, ಆಗಲಿಲ್ಲ. ಮುಂದೆ ಬರುವ ಸದಸ್ಯೆಯರು ಅದನ್ನು ಬಿಡಬಾರದು. ಬ್ಯಾಂಕಿನ ಹಣಕ್ಕಿಂತ, ಪಂಚಾಯಿತಿ ಪ್ರತಿ ತಿಂಗಳ 5ನೇ ತಾರೀಖಿಗೆ ತಪ್ಪದೆ ಕೊಡುವ ಹಣ ಈ ಹೆಣ್ಣುಮಕ್ಕಳಿಗೆ ಹೆಚ್ಚು ಆಸರೆ.

ಅದೇ ಒಕ್ಕೂಟದವರು, ಶಿಗ್ಗಾವಿ

ಇಷ್ಟು ಮಂದಿ ಇಷ್ಟು ಸಮಯ ಕೊಟ್ಟು ಬರೆದಿರಿ. ಬುಧವಾರದ ಸಭೆಯಲ್ಲಿ ಇದನ್ನೆಲ್ಲ ಓದಿದ ಮೇಲೆ ನಾವು ಕೈಗೊಂಡ ನಿರ್ಣಯಗಳನ್ನು ತಿಳಿಸುವುದು ನನ್ನ ಕರ್ತವ್ಯ. ಇಂಗಾಲದ ಅರ್ಜಿಯನ್ನು ಸದ್ಯಕ್ಕೆ ಬದಿಗಿಟ್ಟಿದ್ದೇವೆ. ಯಂತ್ರದ ಗಾತ್ರವನ್ನು ಇಳಿಸಿ, ಕಲ್ಲು ತೆಗೆಯುವ ಮತ್ತು ಹೊಟ್ಟು ಬಿಡಿಸುವ ಯಂತ್ರಗಳನ್ನು ಮಾತ್ರ ಮೊದಲ ವರ್ಷ ತರುವುದು. ಹಿಟ್ಟಿನ ಗಿರಣಿ ಮುಂದಿನ ವರ್ಷಕ್ಕೆ. ಯಂತ್ರದ ಸಾಲ ಮತ್ತು ಕಾಳಿನ ಕ್ಯಾಶ್ ಕ್ರೆಡಿಟ್ ಎರಡಕ್ಕೂ ಒಟ್ಟಿಗೆ ಅರ್ಜಿ ಹಾಕುವುದು. ಬೀಜ ಬ್ಯಾಂಕಿನ ಲೆಕ್ಕವನ್ನು ಘಟಕದ ಲೆಕ್ಕದೊಂದಿಗೆ ಬೆರೆಸದೆ ಬೇರೆ ಪುಸ್ತಕದಲ್ಲಿ ಇಡುವುದು, ಅದಕ್ಕೆ ಮಾತ್ರ ಅನುದಾನ ಕೇಳುವುದು. ಎಂಎಸ್‌ಪಿಟಿಸಿ ನಡೆಸುವ ಅಕ್ಕಂದಿರನ್ನು ಭೇಟಿಯಾಗಲು ಇಬ್ಬರು ಸದಸ್ಯೆಯರನ್ನು ಆರಿಸಿದ್ದೇವೆ.

ತೀರ್ಥದ ಸಂಘದವರ ಬಳಿಗೂ ಹೋಗಿ, ಮೊದಲ ಸುಗ್ಗಿಯನ್ನು ಅವರು ಹೇಗೆ ದಾಟಿದರು ಎಂದು ಕೇಳಿಕೊಂಡು ಬರಬೇಕೆಂದಿದೆ. ವ್ಯವಸ್ಥಾಪಕ ಸರ್, ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯುತ್ತಿದ್ದೇವೆ. ಬ್ಯಾಂಕಿಗೆ ಕೊಡುವ ಮೊದಲು ತಾವು ಒಮ್ಮೆ ನೋಡಿಕೊಟ್ಟರೆ ಉಪಕಾರವಾಗುತ್ತದೆ. ಮುಖ್ಯವಾಗಿ, ತಿಂಗಳುವಾರು ಹಣದ ಒಳಹರಿವಿನ ಪಟ್ಟಿಯಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗಿನ ಮಾರಾಟವನ್ನು ಎಷ್ಟು ತೋರಿಸಬೇಕು ಎಂಬುದರಲ್ಲಿ ನಮಗೆ ಇನ್ನೂ ಗೊಂದಲವಿದೆ.

ನಿವೃತ್ತ ಗ್ರಾಮೀಣ ಬ್ಯಾಂಕ್ ವ್ಯವಸ್ಥಾಪಕರು, ಧಾರವಾಡ

ಕಳಿಸಿರಿ ಅಕ್ಕಾ, ಎರಡು ದಿನದಲ್ಲಿ ನೋಡಿಕೊಡುತ್ತೇನೆ. ಆ ಮೂರು ತಿಂಗಳ ಮಾರಾಟವನ್ನು ನೀವು ಅಂದುಕೊಂಡದ್ದರ ಅರ್ಧಕ್ಕೆ ಹಾಕಿ. ಮುಂಗಾರಿನ ಬಿತ್ತನೆಗೆ ಎಲ್ಲರ ಕೈ ಖಾಲಿಯಾಗುವ ಕಾಲ ಅದು. ಕಂತೂ ಆಗ ಚಿಕ್ಕದಿರಲಿ ಎಂದು ಅರ್ಜಿಯಲ್ಲೇ ಬರೆಯಿರಿ.